ಸೊನ್ನೆ ಬಂದರೆ ಏನು ಹೇಳಬೇಕು

ತೊಂಬತ್ತರ ದಶಕದಲ್ಲಿ ರಾಣೆಬೆನ್ನೂರಿನಲ್ಲಿ ನಾನೂ ಆಪಾ ಅವರೂ ಪಾಲುದಾರಿಕೆಯಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದೆವು. ನನಗಿಂತ ಹಿರಿಯರು, ಇಡೀ ಓಣಿಗೇ ಅವರು ಆಪಾ, ಅಂದರೆ ಅಕ್ಕ. ನಾನು ಬಾಯಲ್ಲಿ ಜೋರು, ಅವರು ಕೆಲಸದಲ್ಲಿ.

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ನಾವು ದಾಸ್ತಾನಿನ ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಅದನ್ನು ಬರೆದ ಕಂಪ್ಯೂಟರ್ ಭಾಷೆ ಹುಡುಕಾಟದಲ್ಲಿ ಬಲು ನಿಧಾನ. ಹಾಗಾಗಿ ಆ ಭಾಗವನ್ನು ಆಪಾ ಸಿ ಭಾಷೆಯಲ್ಲಿ ಬರೆದು ಜೋಡಿಸಿದ್ದರು. ಚೀಲ ಇಟ್ಟ ರೈತರಿಗೆ ಕೊಡುವ ಚೀಟಿಯ ನಂಬರು ಹಾಕಿದರೆ ಎಷ್ಟು ಚೀಲ ಇವೆಯೆಂದು ಆ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಆ ತುಣುಕು, ತಿರುಗಿ ಹೇಳುತ್ತಿತ್ತು.

ಒಂದು ದಿನ ನಾವು ಅಲ್ಲೇ ಇದ್ದಾಗ ಮೋಟೆಬೆನ್ನೂರಿನ ಅಜ್ಜಿಯೊಬ್ಬರು ಚೀಟಿ ಹಿಡಿದು ಬಂದರು. ಅವರ ವರ್ಷದ ಮೆಣಸಿನಕಾಯಿಯೆಲ್ಲ ಒಳಗಿತ್ತು. ಗುಮಾಸ್ತ ಪರದೆ ನೋಡಿ, "ಸೊನ್ನಿ ತೋರಸಾಕತ್ತೈತಿ. ನಿಮ್ಮ ಚೀಲ ಇಲ್ಲಬೇ ಯವ್ವಾ" ಅಂದ.

ಅಜ್ಜಿ ಇದ್ದಲ್ಲೇ ಕುಸಿದು ಕೂತರು. ನಾನು ಗುಮಾಸ್ತನ ಮೇಲೆ ಹರಿಹಾಯ್ದೆ. ಆಪಾ ಅಜ್ಜಿಯ ಕೈ ಹಿಡಿದು, "ಚೀಲದ ಬಾಯಿಗೆ ಗುರ್ತಿಗೆ ಏನ್ ಕಟ್ಟೀರಿ ಅವ್ವಾ?" ಎಂದು ಕೇಳಿದರು.

"ನನ್ನ ಹಳೇ ಸೀರಿ ಅಂಚು. ಹಸರಂದು."

ಹಮಾಲರ ಜೊತೆ ಆಪಾ ಆ ಥಂಡಿಯೊಳಗೆ ಹೊಕ್ಕರು. ಹೊರಬಂದಾಗ ತುಟಿ ಅದುರುತ್ತಿದ್ದವು. "ಅದಾವ್ರಿ ಅವ್ವಾ, ಎಲ್ಲಾ ಅದಾವ."

ಮೆಣಸಿನಕಾಯಿ ಧೂಳು ಫ್ಲಾಪಿ ಡ್ರೈವಿಗೆ ಹೊಕ್ಕು ಫೈಲ್ ತೆರೆದೇ ಇರಲಿಲ್ಲ. ಚೀಲ ಇಲ್ಲದಿದ್ದರೂ ಸೊನ್ನೆ, ಫೈಲ್ ತೆರೆಯದಿದ್ದರೂ ಸೊನ್ನೆ! ಫೈಲ್ ತೆರೆಯದಿದ್ದರೆ ಮೈನಸ್ ಒಂದು ಬರುವಂತೆ ಆಪಾ ಫಂಕ್ಷನ್ ತಿದ್ದಿದರು, ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಾವು ಬರೆದ ಪ್ರತಿಯೊಂದು ಫಂಕ್ಷನ್ನನ್ನೂ ಬೇಕೆಂತಲೇ ಕಾಡಿದರು: ನಡುವೆ ಫ್ಲಾಪಿ ಕಿತ್ತರು, ತಪ್ಪು ನಂಬರು ಕೊಟ್ಟರು, ಯಾವಾಗ ಏನು ತಿರುಗಿ ಬರುತ್ತದೆಂದು ನೋಡಿ, ಗುಮಾಸ್ತ ಓದಲೆಂದು ಕನ್ನಡದಲ್ಲಿ ಬರೆದಿಟ್ಟರು. ಅಂಥ ಶ್ರದ್ಧೆಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಚೀಲ ಹುಡುಕುವ ಫಂಕ್ಷನ್ನಿಗೆ ಹೀಗಿತ್ತು: "ಸೊನ್ನೆ ಬಂದರೆ ಚೀಲ ಉಳಿದಿಲ್ಲ. ಮೈನಸ್ ಒಂದು ಬಂದರೆ ಕಂಪ್ಯೂಟರಿಗೆ ಗೊತ್ತಿಲ್ಲ. ಆಗ ಇಲ್ಲ ಅನ್ನಬಾರದು, ಒಳಗೆ ಹೋಗಿ ನೋಡಬೇಕು."

ಕೋಲ್ಡ್ ಸ್ಟೋರೇಜಿನ ಮಾಲೀಕರು ಅದನ್ನು ಓದಿ ಸಿಡುಕಿದರು. "ಕಂಪ್ಯೂಟರಿಗೆ ಗೊತ್ತಿಲ್ಲ ಅಂತ ಬರದ್ರ ನಮ್ಮ ಮರ್ಯಾದಿ ಏನ್ ಉಳೀತೈತ್ರಿ? ಆ ಸಾಲು ತಗೀರಿ."

"ಸಾಲು ತಗಿಯೂದಾದ್ರ ಪ್ರೋಗ್ರಾಮೂ ತಗೊಂಡು ಹೋಗ್ತೇನ್ರಿ," ಅಂದರು ಆಪಾ. ಬಾಯಲ್ಲಿ ಜೋರಾದ ನನಗೇ ಆ ಧೈರ್ಯ ಇರಲಿಲ್ಲ. ಸಾಲು ಉಳಿಯಿತು.

ಮುಂದಿನ ಸುಗ್ಗಿಯಲ್ಲಿ ನಾವು ಹೋದಾಗ ಕರ್ಜಗಿಯ ರೈತರೊಬ್ಬರು ಚೀಟಿ ಕೊಟ್ಟು ನಿಂತಿದ್ದರು. ಪರದೆಯ ಮೇಲೆ ಮೈನಸ್ ಒಂದು. ಗುಮಾಸ್ತ ಎದ್ದು ತನ್ನ ಕುರ್ಚಿಯನ್ನೇ ಅವರ ಕಡೆ ಸರಿಸಿದ.

"ಕುಂದರ್ರಿ ಕಾಕಾ. ನಾ ಒಳಗ ಹೋಗಿ ನೋಡಿ ಬರ್ತೇನಿ."