ಸದನದ ಮಾತು, ಹಮೀದಾ ಪೆನ್ಸಿಲು

ಬೆಳಗಿನ ಐದೂಮುಕ್ಕಾಲು. ರಾಮನಗರ ರೈಲು ನಿಲ್ದಾಣದ ಬೆಂಚಿನ ಮೇಲೆ ಹಮೀದಾ ನೋಟ್‌ಬುಕ್ ಬಿಡಿಸಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಅಕ್ಕೂರಿನ ಇಬ್ಬರು ರೈತರು ಕೆರೆ ನೀರಿನ ವಿಚಾರಕ್ಕೆ ಜಗಳಕ್ಕೆ ಬಿದ್ದಿದ್ದಾರೆ. ಇಬ್ಬರ ಮಾತೂ ಗೀಟು, ಕೊಂಕಿ, ಚುಕ್ಕಿಗಳಾಗಿ ಹಾಳೆಗೆ ಇಳಿಯುತ್ತಿದೆ.

"ಇವತ್ತು ಅಧಿವೇಶನ ಶುರು. ಕೈ ಒಸಿ ಪಳಗಿಸ್ಕಬೇಕು. ಕದ್ದು ಕೇಳ್ತಾವ್ಳೆ ಅಂತ ತಿಳ್ಕಬೇಡಿ" ಎಂದು ನಗುತ್ತಾರೆ.

ಐವತ್ತೊಂಬತ್ತರ ಹಮೀದಾ ವಿಧಾನಸಭೆಯ ವರದಿಗಾರ್ತಿ. ಮುಖ್ಯಮಂತ್ರಿಯಿಂದ ಹಿಡಿದು ಮೊದಲ ಸಲ ಗೆದ್ದ ಶಾಸಕರವರೆಗೆ, ಸದನದಲ್ಲಿ ಯಾರು ಏನಾಡಿದರೂ ಶೀಘ್ರಲಿಪಿಯಲ್ಲಿ ಬರೆದುಕೊಳ್ಳಬೇಕು. ಐದು ನಿಮಿಷ ಬರೆದು, ಎದ್ದುಹೋಗಿ ಟೈಪು ಮಾಡಿ, ಮತ್ತೆ ಸರದಿಗೆ ಓಡಬೇಕು. ದಿನಕ್ಕೆ ಹತ್ತು ಹನ್ನೆರಡು ಸರದಿ. ಇದು ಅವರು ಕಾಣುತ್ತಿರುವ ನಾಲ್ಕನೇ ವಿಧಾನಸಭೆ.

ತಂದೆ ಅಸದುಲ್ಲಾ ರೇಷ್ಮೆ ನೂಲು ತೆಗೆಯುತ್ತಿದ್ದವರು. ಬಿಸಿನೀರಿನಲ್ಲಿ ಬೆಂದ ಆ ಬೆರಳುಗಳನ್ನು ನೋಡಿಯೇ ಮಗಳು ಚನ್ನಪಟ್ಟಣಕ್ಕೆ ಹೋಗಿ ಶೀಘ್ರಲಿಪಿ ಕಲಿತದ್ದು. "ಉರ್ದು ಮಾತಾಡೋ ಮನೆಯೋಳು ಕನ್ನಡ ಏನ್ ಬರ್ದಾಳು ಅಂದ್ರು. ಅಂದೋರ ಹೆಸ್ರೂ ಈಗ ಮರ್ತೋಗೈತೆ."

ಒಮ್ಮೆ ಸದನದಲ್ಲಿ ಭಾರೀ ಗದ್ದಲ. ಅದರ ನಡುವೆಯೇ ಸಚಿವರೊಬ್ಬರು, ಕೂಟಗಲ್ ಹೋಬಳಿಗೆ ಈ ವರ್ಷವೇ ಆಂಬುಲೆನ್ಸ್ ಕೊಡುತ್ತೇನೆ ಎಂದುಬಿಟ್ಟರು. ರೆಕಾರ್ಡಿಂಗ್‌ನಲ್ಲಿ ಬರೀ ಕೂಗಾಟವೇ ಕೇಳುತ್ತಿತ್ತು; ಆ ಮಾತು ಉಳಿದದ್ದು ಆಗ ಸರದಿಯಲ್ಲಿದ್ದ ಹಮೀದಾ ಹಾಳೆಯಲ್ಲಿ ಮಾತ್ರ. ಸಂಜೆ ಸಚಿವರ ಆಪ್ತ ಸಹಾಯಕ ಬಂದು, 'ಕೊಡುತ್ತೇನೆ' ತೆಗೆದು 'ಪರಿಶೀಲಿಸುತ್ತೇನೆ' ಹಾಕಿ ಎಂದ.

"ಕಾಗುಣಿತ ತಪ್ಪಿದ್ರೆ ತಿದ್ಕೊಡ್ತೀನಿ ಸಾರ್. ಆಡಿದ ಮಾತು ತಿದ್ದಾಕಾಗಕಿಲ್ಲ."

"ನಾಳೆ ನಿಮ್ಮನ್ನ ಎಲ್ಲಿಗೆ ಹಾಕ್ತಾರೆ ಗೊತ್ತಾ ಮೇಡಂ?"

ಹಮೀದಾ ನೋಟ್‌ಬುಕ್ ಹಿಡಿದು ಮೇಲಧಿಕಾರಿಯ ಮುಂದೆ ನಿಂತರು. ಆತ ಆ ಸಾಲನ್ನು ಓದಿಸಿ ಕೇಳಿ, ಹಾಗೆಯೇ ಅಚ್ಚಿಗೆ ಕಳಿಸಿದರು. ವರ್ಗಾವಣೆ ಆಗಲಿಲ್ಲ. ಆದರೆ ಆ ಸಹಾಯಕ ಇವತ್ತಿಗೂ ಎದುರು ಸಿಕ್ಕರೆ ಮುಖ ತಿರುಗಿಸುತ್ತಾನೆ.

ಕೂಟಗಲ್ಲಿನ ಕೆಂಪಯ್ಯ ಅಚ್ಚಾದ ಆ ಪುಟದ ಜೆರಾಕ್ಸ್ ಹಿಡಿದು ಏಳು ತಿಂಗಳು ಕಚೇರಿಗಳಿಗೆ ಅಲೆದರು. "ಎಲ್ಲೋದ್ರೂ ಇದ್ನೇ ಮುಂದಿಡ್ತಿದ್ದೆ. ಯಾರೂ ಇಲ್ಲ ಅನ್ನಕಾಗ್ಲಿಲ್ಲ" ಎನ್ನುತ್ತಾರೆ. ಆಂಬುಲೆನ್ಸ್ ಬಂತು. ಬರೆದವರು ಯಾರೆಂದು ಕೆಂಪಯ್ಯನಿಗೆ ಗೊತ್ತಿಲ್ಲ. ಪುಟದ ಮೇಲೆ ಬರೆದವರ ಹೆಸರು ಇರುವುದಿಲ್ಲ.

ಮುಂದಿನ ವರ್ಷ ಹಮೀದಾಗೆ ನಿವೃತ್ತಿ. ಆಮೇಲೆ ಏನಾಸೆ ಎಂದರೆ ನೋಟ್‌ಬುಕ್ ಮಡಚಿ ಚೀಲಕ್ಕೆ ಹಾಕುತ್ತಾರೆ.

"ಒಂದಿನ ಪಾಸ್ ತಕಂಡು ಮೇಲ್ಗಡೆ ಗ್ಯಾಲರೀಲಿ ಕೂತ್ಕಬೇಕು. ಐದೈದು ನಿಮಿಷಕ್ಕೆ ಎದ್ದೋಗಿ ಎದ್ದೋಗಿ, ಇಷ್ಟು ವರ್ಷದಾಗೆ ಒಬ್ಬರ ಭಾಷಣಾನೂ ನಾನು ಪೂರ್ತಿ ಕೇಳಿಲ್ಲ."