ರುದ್ರಣ್ಣನ ಬಾಯಿಗೆ ಹಾಕಿದ ಸಕ್ಕರೆ

ರುದ್ರಣ್ಣ, ಅವತ್ತು ನನ್ನ ಮಗಳಿಗೆ ಗಂಡು ಗೊತ್ತಾಗಿರಲಿಲ್ಲ. ನಾನು ನಿಮಗೆ ಹೇಳಿದ್ದು ಸುಳ್ಳು.

ಸವಳಂಗ ರಸ್ತೆಯ ಆ ಜಮೀನು ನಿಮಗೆ ನೆನಪಿರುತ್ತದೆ. ರೈತರಿಂದ ಅಗ್ರಿಮೆಂಟ್ ಮಾಡಿಸಿಕೊಂಡು ಬೇರೆಯವರಿಗೆ ದಾಟಿಸುವುದು ನಿಮ್ಮ ಕಸುಬು. ಜಮೀನು ಕೊಂಡು ಸೈಟು ಮಾಡಿ ಮಾರುವ ದಾವಣಗೆರೆಯ ಪಾರ್ಟಿಗಳ ಪರವಾಗಿ ಚೌಕಾಸಿ ಮಾಡುವುದು ನನ್ನದು. ಎಷ್ಟು ಸಲ ಎದುರುಬದುರು ಕೂತು ಕಿತ್ತಾಡಿ, ಕೊನೆಗೆ ಒಂದೇ ಬೈಕಿನಲ್ಲಿ ಮನೆಗೆ ಹೋಗಿಲ್ಲ ನಾವು! ವ್ಯಾಪಾರದ ಮಾತು ಮುಗಿದರೆ ನೀವು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದಿರಿ. ಆಮೇಲೆ ತಲೆ ಮೇಲೆ ಆಕಾಶ ಬಿದ್ದರೂ ಮಾತು ಬದಲಿಸುತ್ತಿರಲಿಲ್ಲ, ಹಠಮಾರಿ ನೀವು.

ಅವತ್ತು ಹೊನ್ನಾಳಿಯ ಹೋಟೆಲಿನಲ್ಲಿ ರೇಟು ಕುದುರಿತ್ತು. ಉಳಿದದ್ದು ನಿಮ್ಮ ಒಂದೇ ಷರತ್ತು — ಲೇಔಟಿನ ಮೂಲೆ ಸೈಟು ನಿಮ್ಮ ತಂಗಿ ಗಿರಿಜಕ್ಕನಿಗೆ ಬಿಡಬೇಕು. ಗಂಡ ಹೋದ ಮೇಲೆ ಬಾಡಿಗೆ ಮನೆ ಬದಲಾಯಿಸಿಯೇ ಸುಸ್ತಾದವರು ಅವರು. ಪಾರ್ಟಿ ಒಪ್ಪಲಿಲ್ಲ, ನೀವೂ ಬಿಡಲಿಲ್ಲ. ಆಗ ನಾನು — ಯಾಕೆ ಹಾಗೆ ಹೊಳೆಯಿತೋ — ಮೇಜಿನ ಮೇಲಿದ್ದ ಸಕ್ಕರೆ ಡಬ್ಬಿ ತೆಗೆದು, "ಅದಿರ್ಲಿ ರುದ್ರಣ್ಣ, ನಮ್ಮ ಶೋಭಾಗೆ ಗಂಡು ಗೊತ್ತಾತು. ಬಾಯಿ ಸಿಹಿ ಮಾಡ್ಕಳ್ರಿ" ಎಂದೆ.

ನಿಮ್ಮ ಮುಖ ಅರಳಿತು. ಜಗಳ ಮರೆತು ಬಾಯಿ ತೆರೆದಿರಿ. ನಾನೇ ಹಾಕಿದೆ. ಹಾಕಿದವನೇ ನಕ್ಕು, "ಸಕ್ಕರೆ ಬಿತ್ತು, ವ್ಯಾಪಾರ ಮುಗೀತು" ಎಂದೆ.

ಪಾರ್ಟಿಯವರೂ ನಕ್ಕರು. ನೀವು ತುಟಿ ಒರೆಸಿಕೊಂಡು, "ಆತು ಬಿಡಪ್ಪ. ಹುಡುಗಿ ಹೆಸರಲ್ಲಿ ತಿಂದೀನಿ, ಉಗುಳಾಕೆ ಆಗುತ್ತಾ?" ಎಂದು ಷರತ್ತು ಕೈಬಿಟ್ಟಿರಿ.

ಆ ಮೂಲೆ ಸೈಟನ್ನು ಪಾರ್ಟಿ ನನಗೇ ಇನಾಮು ಕೊಟ್ಟಿತು. ಇದು ನಿಮಗೆ ಗೊತ್ತಿಲ್ಲ. ಅದೇ ವಾರ ನೀವು ಶೋಭಾಗೆಂದು ಸೀರೆ ತಂದು ನನ್ನ ಕೈಗೆ ಕೊಟ್ಟಿರಿ. ಯಾಕೆಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮದುವೆಯ ಸುಳಿವೇ ಕಾಣದಾಗಲೂ ನೀವು ಕೇಳಲಿಲ್ಲ — ಸಂಬಂಧ ಮುರಿದಿರಬೇಕು, ಕೇಳಿದರೆ ನೊಂದುಕೊಂಡಾನು ಎಂದು... ನನ್ನ ಮೇಲೆ ನಿಮಗಿದ್ದ ಪ್ರೀತಿಯನ್ನೇ ನಾನು ವ್ಯಾಪಾರಕ್ಕೆ ಇಟ್ಟೆ.

ಈಗ ಶೋಭಾಗೆ ನಿಜವಾಗಿಯೂ ಗಂಡು ಗೊತ್ತಾಗಿದೆ. ಮೊದಲು ಹೇಳಬೇಕಾದದ್ದು ನಿಮಗೆ. ಆದರೆ ಸಕ್ಕರೆ ಹಿಡಿದು ನಿಮ್ಮ ಬಾಗಿಲಿಗೆ ಬರುವ ಮುಖ ನನಗಿಲ್ಲ.

ನಾಳೆ ಗಿರಿಜಕ್ಕನನ್ನು ಕರೆದುಕೊಂಡು ರಿಜಿಸ್ಟ್ರಿ ಆಫೀಸಿಗೆ ಬನ್ನಿ. ಸೈಟು ಅವರ ಹೆಸರಿಗಾಗಲಿ. ಆಮೇಲೆ ಡಬ್ಬಿಯನ್ನು ನಿಮ್ಮ ಮುಂದಿಡುತ್ತೇನೆ. ಈ ಸಲ ನಾನು ಹಾಕುವುದಿಲ್ಲ, ರುದ್ರಣ್ಣ — ತಿನ್ನಬೇಕು ಅನ್ನಿಸಿದರೆ ನೀವೇ ತೆಗೆದುಕೊಳ್ಳಿ.