ಇಬ್ಬರ ಊಟ, ಒಬ್ಬನ ತೂಕ

ನನ್ನ ತೂಕ ಎಷ್ಟೆಂದು ನನಗೆ ಗೊತ್ತಾದದ್ದು ತಿಪಟೂರಿನ ಒಂದು ಕೊಬ್ಬರಿ ಅಂಗಡಿಯಲ್ಲಿ. ಚೀಲಗಳನ್ನು ಇಳಿಸಿದ ಮೇಲೆ ತೂಕದ ಯಂತ್ರ ಖಾಲಿ ಇತ್ತು, ನಾನೂ ಖಾಲಿ ಕೂತಿದ್ದೆ, ಹೋಗಿ ಹತ್ತಿ ನಿಂತೆ. ಅಂಗಡಿಯ ಶಿವಣ್ಣ ನಮ್ಮ ಬಿಳಿಗೆರೆಯವನೇ, ಚಿಕ್ಕಂದಿನ ಗೆಳೆಯ. ಅಂಕಿ ನೋಡಿ, “ಲೇ, ನಿನ್ನ ಅಟ್ಟಕ್ಕಾಕಿ ಒಂದ್ ವರ್ಷ ಒಣಗಿಸ್ಬೇಕು ಕಣ್ಲಾ” ಎಂದ.

ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಮಾಡುವುದೇನೂ ಇಲ್ಲ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಮರೆತರಾಯಿತು. ಕತ್ತಲಲ್ಲಿ ಅದರ ಪಾಡಿಗೆ ಅದು ಕೂತು, ನೀರು ಇಂಗಿ, ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಡಗಡ ಉರುಳುತ್ತದೆ. ಹಾಗೇ ಬಿಟ್ಟಷ್ಟೂ ಹಗುರ. ಹೆಂಡತಿ ಗಿರಿಜೆ ತೀರಿಕೊಂಡ ಮೇಲೆ ಅದೇ ಅಟ್ಟದ ಕೆಳಗೆ ನಾನೂ ಒಂಟಿಯಾಗಿ ಕೂತಿದ್ದೇನೆ. ನಾನು ಮಾತ್ರ ಊದಿಕೊಂಡೆ. ಯಾರಾದರೂ ವಿಜ್ಞಾನಿಗಳು ಇದನ್ನು ವಿಚಾರಿಸಬೇಕು.

ಅಟ್ಟದ ಏಣಿಯ ಅರ್ಧಕ್ಕೇ ಏದುಸಿರು ಬಂದದ್ದರಿಂದ ಡಾಕ್ಟರ ಬಳಿ ಹೋದೆ. ಸಕ್ಕರೆ ಏರಿದೆ, ಬಿಪಿ ಏರಿದೆ. ಏಣಿ ಏರಲಾರದವನೊಳಗೆ ಉಳಿದದ್ದೆಲ್ಲ ಏರುತ್ತಿತ್ತು. ಹೊಟ್ಟೆಯ ಬೊಜ್ಜು ಮಂಡಿಗೂ ಕೇಡು, ಹೃದಯಕ್ಕೂ ಕೇಡು, ಹೀಗೇ ಬಿಟ್ಟರೆ ಜೀವಕ್ಕೇ ಅಪಾಯ ಎಂದರು ಡಾಕ್ಟರಮ್ಮ. “ಮುದ್ದೆ ಚಿಕ್ಕದು ಮಾಡಿ, ಕಾಯಿ ಕಡಿಮೆ ಹಾಕಿ ಅಂತ ಮನೇಲಿ ಹೇಳಿ” ಎಂದರು. ಆಗಲಿ ಎಂದು ತಲೆಯಾಡಿಸಿದೆ. ಮನೆಗೆ ಬಂದು ಒಲೆಯ ಮುಂದೆ ನಿಂತು ಜೋರಾಗಿ ಹೇಳಿಯೂ ಬಿಟ್ಟೆ. ಯಾರೂ ಹೂಂಗುಟ್ಟಲಿಲ್ಲ.

ಮುದ್ದೆ ತೊಳಸುವುದನ್ನು ನಾನು ಕಲಿತದ್ದು ಗಿರಿಜೆ ಹಾಸಿಗೆ ಹಿಡಿದಿದ್ದಾಗ, ಅವಳು ಮಲಗಿದಲ್ಲಿಂದಲೇ ಹೇಳಿಕೊಟ್ಟಂತೆ. ದೊಡ್ಡ ಪಾತ್ರೆಗೆ ಇಷ್ಟು ನೀರು, ಇಷ್ಟು ಹಿಟ್ಟು, ಎರಡು ಮುದ್ದೆ. ಸಾರಿಗೆ ಒಂದು ಹೋಳು ಕಾಯಿ. ಒಬ್ಬನಿಗೆ ಎಷ್ಟೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ; ಕೇಳುವಂಥ ಮಾತೂ ಅಲ್ಲ. ಹಾಗಾಗಿ ದಿನಾ ಎರಡು ಕಟ್ಟಿ, ನನ್ನದನ್ನು ಉಂಡು, ಅವಳದನ್ನು ಹಸುವಿಗೆ ಹಾಕಲು ಮನಸ್ಸು ಬಾರದೆ ಅದನ್ನೂ ಉಣ್ಣುತ್ತಿದ್ದೆ. ಇದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೆ. ಬೊಜ್ಜಿಗೆ ಇಷ್ಟು ದೊಡ್ಡ ಹೆಸರನ್ನು ಬೇರೆ ಯಾರೂ ಇಟ್ಟಿರಲಾರರು.

ಅವಳಿದ್ದಾಗ ನಾನು ಇನ್ನೊಂದು ತುತ್ತಿಗೆ ಕೈ ಚಾಚಿದರೆ, “ಸಾಕು ಬುಡ್ರೀ, ಕೈ ತೊಳ್ಕಳಿ” ಎಂದು ತಟ್ಟೆ ಎಳೆದುಕೊಳ್ಳುತ್ತಿದ್ದಳು. ಅಂಥವಳ ಹೆಸರಿನಲ್ಲಿ ಉಂಡೂ ಉಂಡೂ ನಾನು ಅವಳ ಹಿಂದೆಯೇ ಹೊರಡುವ ದಾರಿ ಹಿಡಿದಿದ್ದೆ. ಬೇಗ ಹೋದರೆ ಬೇಗ ನೋಡಬಹುದು ಎಂಬ ಆಸೆ ಒಳಗೆಲ್ಲೋ ಇತ್ತೇ? ಇತ್ತು ಅನಿಸುತ್ತದೆ. ಆದರೆ ಈ ಹೊಟ್ಟೆ ಹೊತ್ತು ಅವಳ ಮುಂದೆ ನಿಲ್ಲುವ ಧೈರ್ಯ ಮಾತ್ರ ನನಗಿಲ್ಲ.

ಮೊನ್ನೆ ಸಂಜೆ ಸಣ್ಣ ಪಾತ್ರೆಯಲ್ಲಿ ಎಸರಿಟ್ಟೆ. ಅಂದಾಜು ತಪ್ಪಿ ಮುದ್ದೆ ಗಂಟುಗಂಟಾಯಿತು. ತಟ್ಟೆಯಲ್ಲಿ ಅದೊಂದೇ ಕೂತಿರುವುದನ್ನು ನೋಡಿ ಅಳು ಬಂತು. ಅತ್ತು, ಆಮೇಲೆ ಉಂಡೆ. ಹೊಟ್ಟೆ ತುಂಬಿದರೂ ಇನ್ನೂ ಏನೋ ಬೇಕು ಅನಿಸುತ್ತಲೇ ಇತ್ತು. ಅದು ರಾಗಿಹಿಟ್ಟಿನಿಂದ ತುಂಬುವಂಥದ್ದಲ್ಲ ಎಂಬುದು ಆಗ ತಿಳಿಯಿತು. ಒಳಗೇ ಕೂತರೆ ಮತ್ತೆ ಡಬ್ಬಗಳಿಗೆ ಕೈ ಹಾಕುತ್ತೇನೆಂದು ಚಪ್ಪಲಿ ಮೆಟ್ಟಿ ಶಿವಣ್ಣನ ಮನೆಯ ಕಡೆ ನಡೆದೆ. ಅಂಗಡಿ ಮುಚ್ಚಿ ಬಂದವನು ಜಗುಲಿಯ ಮೇಲೆ ಕೂತಿದ್ದ.

“ಊಟ ಆಯ್ತೇನ್ಲಾ?” ಎಂದು ಎಲ್ಲರೂ ಕೇಳುವಂತೆಯೇ ಕೇಳಿದ.

“ಆಯ್ತು ಕಣ್ಲಾ” ಎಂದೆ. “ಇವತ್ತು ನಂದೊಂದೇ.”